ಮಂಚದ ನಾಲ್ಕು ಮೂಲೆಗೆ ನಾಲ್ಕು ಉಪಾಯ

ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದ ಮಂಚ. ಜೋಡಿಸಿದ ಮೂರನೇ ತಿಂಗಳಿಗೇ ಕಿರುಗುಟ್ಟತೊಡಗಿತು. ಎಲ್-ಕೀ ಹಿಡಿದು ಬಿಗಿ ಮಾಡಿದರೆ ಹದಿನೈದು ದಿನ ಸುಮ್ಮನಿರುತ್ತಿತ್ತು, ಆಮೇಲೆ ಮತ್ತೆ ಅದೇ ರಾಗ. ರೋಸಿಹೋಗಿ ಫೆಬ್ರವರಿಯಲ್ಲಿ ಪರೀಕ್ಷೆಗೇ ಇಳಿದೆ.

ನಮ್ಮದು ರಬ್ಬರ್ ಮರದ ಕ್ವೀನ್ ಸೈಜ್. ಮೂಲೆಗೆ ಎರಡರಂತೆ ಎಂಟು ಎಂ6 (ಆರು ಮಿಲಿಮೀಟರ್ ದಪ್ಪದ) ಬೋಲ್ಟು; ಪಕ್ಕದ ಪಟ್ಟಿಯೊಳಗೆ ಅಡ್ಡಲಾಗಿ ಕೂತ, ಗುಂಡು ಕಡ್ಡಿಯಂಥ ಬ್ಯಾರೆಲ್ ನಟ್ಟು ಅವನ್ನು ಹಿಡಿಯುತ್ತದೆ. ಮೂಲೆಗೊಂದು ಉಪಾಯ ಮಾಡಿ, ಬೋಲ್ಟಿನ ತಲೆಯಿಂದ ಮರದವರೆಗೆ ಮಾರ್ಕರಿನಲ್ಲಿ ಗೆರೆ ಎಳೆದೆ. ಬೋಲ್ಟು ತಿರುಗಿದ್ದರೆ ಗೆರೆ ಎರಡು ತುಂಡಾಗಿ ಕಾಣಬೇಕು.

ಒಂದನೇ ಮೂಲೆಯ ಸ್ಪ್ರಿಂಗ್ ವಾಷರ್, ಅಂದರೆ ಒಂದು ಕಡೆ ಸೀಳಿ ತುಸು ತಿರುಚಿದ ಉಂಗುರ, ಮೊದಲು ಸೋತಿತು. ಮೂರೇ ವಾರಕ್ಕೆ ಗೆರೆ ಅರ್ಧ ಬೆರಳು ಸರಿದಿತ್ತು. ಪೂರ್ತಿ ಬಿಗಿ ಮಾಡಿದ ಮೇಲೆ ಅದು ಚಪ್ಪಟೆಯಾಗಿ ಮಾಮೂಲಿ ವಾಷರಿನಂತೆಯೇ ಇರುತ್ತದೆ, ಮೇಲಾಗಿ ಅದರ ಸೀಳು ತುದಿ ಮರವನ್ನು ಕೆರೆದಿತ್ತು. ಅಡ್ಡಡ್ಡ ಅಲುಗಾಟವೇ ಬೋಲ್ಟನ್ನು ಬಿಚ್ಚುತ್ತದೆಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ್ದಾರೆ. ಮಂಚದ ಅಂಚಿನಲ್ಲಿ ಕೂತು ಏಳುವಾಗ ಆಗುವುದೂ ಅದೇ.

ಎರಡನೇ ಮೂಲೆಯ ಟೆಫ್ಲಾನ್ ಟೇಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನಲ್ಲಿಗೆ ಸುತ್ತುವ ವಸ್ತು, ಜಾರುವುದು ಅದರ ಗುಣ. ನನ್ನದೇ ತಪ್ಪು.

ಮೂರನೇ ಮೂಲೆಗೆ ನೀಲಿ ತ್ರೆಡ್‌ಲಾಕರ್, ಅಂದರೆ ಬೋಲ್ಟಿನ ಸುರುಳಿ ಗೀರು (ತ್ರೆಡ್) ಸಡಿಲವಾಗದಂತೆ ಹಿಡಿಯುವ ಅಂಟು. ಎಣ್ಣೆ ಹೋಗುವಂತೆ ಬೋಲ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತ್ರೆಡ್ಡಿಗೆ ಎರಡು ಹನಿ ಬಿಟ್ಟು, ಒಂದು ದಿನ ಮಂಚದ ಮೇಲೆ ಯಾರನ್ನೂ ಹತ್ತಿಸಲಿಲ್ಲ. ಗಾಳಿ ಸಿಗದ ಕಡೆ, ಲೋಹದ ನಡುವೆ ಮಾತ್ರ ಇದು ಗಟ್ಟಿಯಾಗುವುದು. ಮರದ ಸ್ಕ್ರೂಗೆ ಹಾಕಿ ಪ್ರಯೋಜನವಿಲ್ಲ. ಕೆಂಪು ಬಣ್ಣದ್ದಂತೂ ಬೇಡವೇ ಬೇಡ, ಬಿಚ್ಚಬೇಕಾದರೆ ಬೆಂಕಿಯಲ್ಲಿ ಕಾಯಿಸಬೇಕು. ಎರಡು ತಿಂಗಳಾದರೂ ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಆದರೆ ಮೂಲೆ ಮಾತ್ರ ಅಲುಗುತ್ತಿತ್ತು!

ತಲೆ ಕೆಟ್ಟಿತು. ಬಿಚ್ಚಿ ನೋಡಿದರೆ ವಾಷರಿನ ಕೆಳಗೆ ಮರದಲ್ಲಿ ಉಂಗುರದಂಥ ತಗ್ಗು. ಬೋಲ್ಟು ತಿರುಗಿಯೇ ಇಲ್ಲ, ಮರ ಕುಸಿದಿದೆ. ಎಂ6 ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ. ಅಂದರೆ ಮರ ಕಾಲು ಮಿಲಿಮೀಟರ್ ತಗ್ಗಿದರೂ ಕಾಲು ಸುತ್ತು ಸಡಿಲವಾದಂತೆಯೇ. ಅದರ ಮೇಲೆ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುವುದು ಬೇರೆ.

ನಾಲ್ಕನೇ ಮೂಲೆಗೆ ಹಾಕಿದ್ದು ಬರೀ ಅಗಲ ವಾಷರ್. ಹಾರ್ಡ್‌ವೇರ್ ಅಂಗಡಿಯವರು, "ಮರಕ್ಕೆ ದೊಡ್ಡ ವಾಷರ್ ಹಾಕಿ ಸಾರ್, ಚಿಕ್ಕದು ಒಳಗೆ ಹೋಗ್ಬಿಡುತ್ತೆ" ಎಂದು ಮೊದಲೇ ಹೇಳಿದ್ದರು. ಮಾತು ಕೇಳಿ ಕೊಂಡಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ. ಮಾಮೂಲಿ ವಾಷರ್ 12 ಮಿಮೀ, ಇದು 18. ನಡುವಿನ ತೂತು ಕಳೆದರೆ ಮರದ ಮೇಲೆ ಕೂರುವ ಜಾಗ ಎರಡೂವರೆ ಪಟ್ಟಿಗಿಂತ ಹೆಚ್ಚು. ಇಲ್ಲಿ ಗೆರೆ ತುಸು ಸರಿದಿತ್ತು, ಆದರೆ ಮರದಲ್ಲಿ ತಗ್ಗಿರಲಿಲ್ಲ, ಮೂಲೆಯೂ ಗಟ್ಟಿಯಾಗಿತ್ತು. ಇದು ತಲೆದಿಂಬಿನ ಕಡೆಯ ಮೂಲೆ, ಮಗ ಕುಣಿಯುವುದು ಕಾಲ ಕಡೆ. ಹಾಗಾಗಿ ನ್ಯಾಯಕ್ಕೆಂದು ತ್ರೆಡ್‌ಲಾಕರನ್ನೂ ಅಗಲ ವಾಷರನ್ನೂ ಅದಲುಬದಲು ಮಾಡಿ ಇನ್ನೊಂದು ತಿಂಗಳು ನೋಡಿದೆ. ಫಲಿತಾಂಶ ಬದಲಾಗಲಿಲ್ಲ.

ಒಂದನ್ನೇ ಆರಿಸಿ ಅಂದರೆ ನಾನು ಅಗಲ ವಾಷರ್ ಅನ್ನುತ್ತೇನೆ. ತ್ರೆಡ್‌ಲಾಕರಿನ ಪುಟ್ಟ ಬಾಟಲಿಯ ಬೆಲೆಗೆ ಹೋಲಿಸಿದರೆ ಅದು ಬಿಟ್ಟಿ ಸಿಕ್ಕಂತೆ. ಈಗ ಎಂಟೂ ಬೋಲ್ಟಿಗೆ ಎರಡನ್ನೂ ಸೇರಿಸಿ ಹಾಕಿದ್ದೇನೆ. ನಡುವಿನ ಆಧಾರದ ಕಾಲಿಗೆ ಬೋಲ್ಟು ಆಚೆ ಬದಿಗೆ ಹಾದು ಬರುವುದರಿಂದ ನೈಲಾಕ್ ನಟ್ಟು ಸಾಕಾಯಿತು. ಆದರೆ ಬಿಚ್ಚಿ ಹಾಕಿದಷ್ಟೂ ಅದರ ನೈಲಾನ್ ಉಂಗುರದ ಹಿಡಿತ ಕಡಿಮೆಯಾಗುತ್ತದೆ, ಮನೆ ಬದಲಿಸುವವರು ಹೊಸದನ್ನೇ ಹಾಕಿಕೊಳ್ಳಿ.

ಹಲಗೆ ಕೂರುವ ಪಟ್ಟಿಯ ಎರಡು ಸ್ಕ್ರೂಗಳ ತೂತು ಸವೆದು ಸುಮ್ಮನೆ ಸುತ್ತುತ್ತಿದ್ದವು. ಒಂದಕ್ಕೆ ದಪ್ಪ ಸ್ಕ್ರೂ ಹಾಕಿದೆ, ಪಟ್ಟಿ ಸೀಳಿತು. ಇನ್ನೊಂದಕ್ಕೆ ಫೆವಿಕಾಲ್ ಸವರಿದ ಬೆಂಕಿಕಡ್ಡಿ ತುರುಕಿ, ಒಂದು ದಿನ ಒಣಗಿಸಿ, ಹಳೆಯ ಸ್ಕ್ರೂವನ್ನೇ ತಿರುಗಿಸಿದೆ. ಇವತ್ತಿಗೂ ಅಲ್ಲಾಡಿಲ್ಲ.

ಇಷ್ಟೆಲ್ಲ ಆದಮೇಲೂ ರಾತ್ರಿ ಒಂದು ಸಣ್ಣ ಕಿರ್ ಉಳಿದಿತ್ತು. ಟಾರ್ಚ್ ಹಿಡಿದು ಮಂಚದ ಕೆಳಗೆ ಮಲಗಿ ಹುಡುಕಿದರೆ, ಹಲಗೆ ಪಟ್ಟಿಗೆ ಉಜ್ಜುತ್ತಿತ್ತು. ದೇವರ ಮನೆಯ ಪಕ್ಕದಲ್ಲಿದ್ದ ಮೇಣದಬತ್ತಿಯ ತುಂಡು ತಂದು ತಿಕ್ಕಿದೆ.