ಮೀನು ಹೊಂಡಕ್ಕೆ ಸೆನ್ಸರ್: ತಗೊಳ್ಳಿ, ಆದರೆ ವಾರವಾರ ತೊಳೆಯಿರಿ

ಶಹಾಪುರದ ಹತ್ತಿರ ನಮ್ಮ ಹೊಂಡದಲ್ಲಿ ಕಾಟ್ಲಾ, ರೋಹು ಸಾಕಿದ್ದೇವೆ. ಆಮ್ಲಜನಕ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ), ನೀರಿನ ಬಿಸಿ ಮೂರನ್ನೂ ಅಳೆದು ಮೊಬೈಲಿಗೆ ಕಳಿಸುವ ಸೆನ್ಸರ್ ಹಾಕಿಸಿದೆವು. ನನಗಂತೂ ತುಂಬಾ ಇಷ್ಟವಾಗಿದೆ.

ಹಗಲಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ಕತ್ತಲಾದ ಮೇಲೆ ಅದೇ ಪಾಚಿ ಮೀನಿನ ಜೊತೆ ಸೇರಿ ಅದನ್ನು ಖರ್ಚು ಮಾಡುತ್ತದೆ, ಹಾಗಾಗಿ ನಸುಕಿನಲ್ಲಿ ಮಟ್ಟ ತೀರಾ ಇಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ. 3ಕ್ಕಿಂತ ಕೆಳಗೆ ಹೋದರೆ ಮೀನಿಗೆ ಕಷ್ಟ. ನಮ್ಮ ಕಡೆ ಬೇಸಿಗೆ ಗೊತ್ತಲ್ವಾ, ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಆಮ್ಲಜನಕ 4 ಮಿಲಿಗ್ರಾಂಗೆ ಇಳಿದರೆ ಕೂಗುವಂತೆ ನಾವು ಅಲಾರಂ ಇಟ್ಟಿದ್ದೇವೆ, ಕೂಗಿದ ತಕ್ಷಣ ನೀರಿಗೆ ಗಾಳಿ ಬೆರೆಸುವ ಏರೇಟರ್ ಚಾಲೂ ಮಾಡುತ್ತೇವೆ. ಮೀನು ಮೇಲೆ ಬಂದು ಬಾಯಿ ಬಿಡುವವರೆಗೂ ಕಾಯುವುದಕ್ಕಿಂತ ಎಷ್ಟೋ ವಾಸಿ.

ತಕರಾರೂ ಇದೆ. ಸೆನ್ಸರಿನ ತುದಿಗೆ ಹಸಿರು ಲೋಳೆ ಕಟ್ಟುತ್ತದೆ, ಆಗ ಅದು ಸುಮ್ನೆ ತಪ್ಪು ಲೆಕ್ಕ ತೋರಿಸುತ್ತದೆ. ಮೆತ್ತನೆ ಬ್ರಷ್‌ನಿಂದ ತೊಳೆದರೆ ಸರಿಹೋಗುತ್ತದೆ, ಆದರೆ ಮಾರುವಾಗ ಅಂಗಡಿಯವರು ಇದನ್ನು ಹೇಳಲೇ ಇಲ್ಲ, ಅದು ನನಗೆ ಬೇಜಾರು. ಪೊರೆ ಇರುವ ಮಾದರಿಯಾದರೆ ಪೊರೆ, ಒಳಗಿನ ದ್ರಾವಣ ಎರಡನ್ನೂ ಆಗಾಗ ಬದಲಿಸಬೇಕು. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಮಾದರಿಗೆ ದುಡ್ಡು ಜಾಸ್ತಿ, ಕಿರಿಕಿರಿ ಕಡಿಮೆ.

ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಬಣ್ಣ ನೋಡುವ ಕಿಟ್ ಬೇರೆ ಇಟ್ಟುಕೊಳ್ಳಿ. ಪಿಎಚ್ ಏರಿದ ದಿನ ಮರೆಯದೆ ನೋಡಿ, ಆಗ ಅಮೋನಿಯಾದ ವಿಷ ಜಾಸ್ತಿ. ಕರೆಂಟ್ ಹೋದರೆ ಸೆನ್ಸರ್ ಬ್ಯಾಟರಿ ಮೇಲೆ ನಡೆಯುತ್ತದೆ, ಏರೇಟರ್ ನಿಂತುಬಿಡುತ್ತದೆ, ಹಾಗಾಗಿ ಜನರೇಟರ್ ಕೂಡ ಬೇಕು.