ಒಂದು ದವಡೆ, ನಾಲ್ಕು ಪರೀಕ್ಷೆ

ಬಲಗಡೆ ಕೆಳದವಡೆ ನಾಲ್ಕು ತಿಂಗಳಿಂದ ಸಣ್ಣಗೆ ನೋಯುತ್ತಿತ್ತು. ಚಕ್ಕುಲಿ ಕಡಿದ ದಿನ ಸ್ವಲ್ಪ ಜಾಸ್ತಿ, ಅಷ್ಟೇ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮನೆ ಹತ್ತಿರ ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ತೆಗೆಸಿದೆ. ಉಳಿದ ಮೂರು ಪರೀಕ್ಷೆ ಮುಂಬೈನ ಮಾಟುಂಗಾದಲ್ಲಿ, ಕನ್ನಡ ಮಾತಾಡುವ ಡಾಕ್ಟರು ಮಾಡಿಸಿದ್ದು.

ಓಪಿಜಿ ಸುಲಭ. ಗಲ್ಲ ಊರಿ, ಕಡ್ಡಿ ಕಚ್ಚಿ ನಿಂತರೆ ಮೆಷಿನ್ನೇ ತಲೆ ಸುತ್ತ ತಿರುಗುತ್ತದೆ. ಎರಡೂ ದವಡೆ ಒಂದೇ ಚಿತ್ರದಲ್ಲಿ ಸಿಗುತ್ತವೆ, ಆದರೆ ಬೇರಿನ ತುದಿ ಮಸುಕು. ನನ್ನದರಲ್ಲಿ ಸಣ್ಣ ದವಡೆ ಹಲ್ಲಿನ ಕೆಳಗೊಂದು ಕರಿ ಚುಕ್ಕೆ, ಪಕ್ಕದ ದೊಡ್ಡ ಹಲ್ಲಿನ ಕೆಳಗೆ ಬಿಳಿ ಕಲೆ. ಕರಿ ಅಂದರೆ ಮೂಳೆ ಕರಗಿದೆ ಅಂತ ಎಲ್ಲೋ ಓದಿದ್ದೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಆ ಸಣ್ಣ ಹಲ್ಲಿಗೆ ಎಳ್ಳುನೀರು ಬಿಟ್ಟೆ.

ಬಾಯೊಳಗಿನ ಚಿಕ್ಕ ಎಕ್ಸ್‌ರೇ, ಐಒಪಿಎ, ನಾಲಿಗೆ ಪಕ್ಕ ಒತ್ತಿ ಕಣ್ಣಲ್ಲಿ ನೀರು ತರಿಸಿತು. ಆದರೆ ಕೋನ ಬದಲಿಸಿ ಎರಡನೇ ಸಲ ತೆಗೆದಾಗ ಕರಿ ಚುಕ್ಕೆ ಬೇರನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು! ಅದು ನರ ಹೊರಗೆ ಬರೋಕೆ ದವಡೆಯಲ್ಲಿ ಎಲ್ಲರಿಗೂ ಇರುವ ತೂತು.

ನನಗೆ ಮೆಚ್ಚುಗೆಯಾದದ್ದು ಎಲ್ಲಕ್ಕಿಂತ ಅಗ್ಗದ್ದು. ಹತ್ತಿ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಒತ್ತುತ್ತಾರೆ. ಸಣ್ಣ ಹಲ್ಲು ಝುಮ್ಮೆಂದು ತಕ್ಷಣ ಸುಮ್ಮನಾಯಿತು. ಜೀವ ಇದೆ. ಹಳೇ ಸಿಮೆಂಟ್ ತುಂಬಿದ ದೊಡ್ಡ ಹಲ್ಲಿಗೆ ಏನೂ ಗೊತ್ತಾಗಲಿಲ್ಲ. ಕನ್ನಡಿಯ ಹಿಡಿಯಿಂದ ಅದನ್ನು ಕುಟ್ಟಿದಾಗ ಮಾತ್ರ ಕುರ್ಚಿಯಲ್ಲೇ ಬೆಚ್ಚಿಬಿದ್ದೆ. “ಬಿಳಿಯೇ ನೋಡಿ ಕಳ್ಳ” ಅಂದರು ಡಾಕ್ಟರು. ಹಲ್ಲಿನೊಳಗಿನ ಸೋಂಕು ಬಹಳ ದಿನ ಮೆಲ್ಲಗೆ ಕೆಣಕುತ್ತಿದ್ದರೆ ಮೂಳೆ ಕೆಲವೊಮ್ಮೆ ಕರಗುವ ಬದಲು ದಟ್ಟವಾಗುತ್ತದೆ. ಕಂಡೆನ್ಸಿಂಗ್ ಆಸ್ಟಿಯೈಟಿಸ್ ಅಂತಾರೆ. ಇಂಥದ್ದೇ ಬಿಳಿ ಕಲೆ ಹುಳುಕಿಲ್ಲದ, ಜೀವ ಇರುವ ಹಲ್ಲಿನ ಕೆಳಗಿದ್ದರೆ ಸಾಮಾನ್ಯವಾಗಿ ಸುಮ್ನೆ ಬಿಟ್ಟುಬಿಡುತ್ತಾರಂತೆ. ಎಕ್ಸ್‌ರೇ ಒಂದರಿಂದ ಇದು ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಕೊನೆಯದು ಸಿಬಿಸಿಟಿ, ದವಡೆಯ 3ಡಿ ಸ್ಕ್ಯಾನ್. ಅದು ದುಬಾರಿ, ವಿಕಿರಣವೂ ಚಿಕ್ಕ ಎಕ್ಸ್‌ರೇಗಿಂತ ಜಾಸ್ತಿ. ಬಿಳಿಯ ನಡುವೆ, ದೊಡ್ಡ ಹಲ್ಲಿನ ಮುಂಭಾಗದ ಬೇರಿನ ತುದಿಯಲ್ಲಿ, ಸಾಸಿವೆಯಷ್ಟು ಗುಳಿಯನ್ನು ಅದು ತೋರಿಸಿತು. ಹೊರಗಿನ ಗಟ್ಟಿ ಮೂಳೆ ಸವೆಯುವ ತನಕ ಇಂಥವು ಚಿಕ್ಕ ಎಕ್ಸ್‌ರೇಯಲ್ಲಿ ಅಡಗಿಬಿಡುವುದುಂಟು. ಆದರೂ ನನ್ನ ಮಟ್ಟಿಗೆ ದುಡ್ಡು ದಂಡ. ಚಿಕಿತ್ಸೆ ಬದಲಾಗಲಿಲ್ಲ, ರೂಟ್ ಕೆನಾಲೇ. ಹಳೇ ರೂಟ್ ಕೆನಾಲ್ ಕೆಟ್ಟವರಿಗೆ, ಮೇಲ್ದವಡೆಯಲ್ಲಿ ಸೈನಸ್ ನೆರಳು ಅಡ್ಡ ಬರುವವರಿಗೆ ಈ ಸ್ಕ್ಯಾನ್ ಬೇಕಾಗಬಹುದು.

ಆರು ತಿಂಗಳಿಗೆ ಮತ್ತೆ ಚಿಕ್ಕ ಎಕ್ಸ್‌ರೇ ಇದೆ. ಹಲ್ಲು ವಾಸಿಯಾದರೂ ಬಿಳಿ ಕಲೆ ಅಲ್ಲೇ ಉಳಿಯಬಹುದು, ಗಾಬರಿಯಾಗಬೇಡಿ ಅಂತ ಈಗಲೇ ಹೇಳಿಟ್ಟಿದ್ದಾರೆ.