ಎಕ್ಸ್‌ರೇ ಸರಿಯಿದೆ ಅಂದರು, ಐದು ವಾರಕ್ಕೆ ಅಮ್ಮನ ಕಾಲು ಹೋಯಿತು

ಅಮ್ಮನಿಗೆ 74 ವರ್ಷ. ಬಚ್ಚಲುಮನೆಯಲ್ಲಿ ಜಾರಿ, ಕೂತ ಹಾಗೇ ಧೊಪ್ಪನೆ ಬಿದ್ದಳು. ತಾನೇ ಎದ್ದು ಸೀರೆ ಸರಿಮಾಡಿಕೊಂಡು ಕಾಫಿಯನ್ನೂ ಮಾಡಿದಳು. ಸಂಜೆ ಸೊಂಟದ ಮೇಲ್ಗಡೆ ನೋವು ಅಂದಾಗ ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆ. ಮಲಗಿಸಿ ಒಂದು ಎಕ್ಸ್‌ರೇ ತೆಗೆದರು. "ಏನೂ ಮುರಿದಿಲ್ಲ, ವಯಸ್ಸಿನ ಸವೆತ" ಅಂದರು. ಮಾತ್ರೆ, ಮುಲಾಮು ಕೊಟ್ಟು ಕಳಿಸಿದರು.

ಆಮೇಲಿನದು ನಮ್ಮದೇ ತಪ್ಪು. ಯಾರೋ ಹೇಳಿದರು ಅಂತ ಎಣ್ಣೆ ಹಚ್ಚಿ ಬೆನ್ನು ನೀವಿಸಿದೆವು. ಮದುವೆಗೆ ಅಂತ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಿಸಿದೆವು, ಅದೂ ಹಿಂದಿನ ಸೀಟಿನಲ್ಲಿ. "ಮಲಗಿದ್ರೆ ಏನಿಲ್ಲ ಕಣೋ, ಏಳುವಾಗ ಜೀವ ಹೋಗತ್ತೆ" ಅನ್ನುತ್ತಿದ್ದಳು. ಐದನೇ ವಾರದಲ್ಲಿ ಎಡಗಾಲಿನ ಹವಾಯಿ ಚಪ್ಪಲಿ ನಡೆಯುವಾಗ ಕಳಚಿ ಹಿಂದೆ ಉಳಿಯತೊಡಗಿತು. ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಮತ್ತೆರಡು ದಿನಕ್ಕೆ ಕಾಲು ಎತ್ತಲಾಗಲಿಲ್ಲ, ಮೂತ್ರವೂ ಕಟ್ಟಿತು.

ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು. ಎದೆಯ ಭಾಗದ ಕಟ್ಟಕಡೆಯ ಬೆನ್ನುಮೂಳೆ, 12ನೆಯದು, ಕುಸಿದು ಬೆನ್ನುಹುರಿಯನ್ನು ಒತ್ತುತ್ತಿತ್ತು. ಮೂಳೆ ಟೊಳ್ಳಾದವರಲ್ಲಿ ಬಿದ್ದ ದಿನದ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು ಅಂದರು ಸರ್ಜನ್. ಕೆಲವರಲ್ಲಿ ಆ ಮೂಳೆಗೆ ರಕ್ತ ಸರಿಯಾಗಿ ಸಿಗದೆ ಅದು ಕೂಡಿಕೊಳ್ಳುವುದಿಲ್ಲ. ಮೈಭಾರಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕುಸಿಯುತ್ತಾ ಹೋಗುತ್ತದೆ. ಮಲಗಿಸಿ ನೋಡಿದರೆ ಎತ್ತರ ಸರಿಯಿದ್ದ ಹಾಗೆ ಕಾಣುತ್ತದೆ, ನಿಂತಾಗ ಕುಸಿತ ಬಯಲಾಗುತ್ತದೆ. ಇದಕ್ಕೆ ಕ್ಯುಮೆಲ್ ಕಾಯಿಲೆ ಅಂತ ಹೆಸರು. ಜರ್ಮನಿಯ ಸರ್ಜನ್ ಹರ್ಮನ್ ಕ್ಯುಮೆಲ್ ಇದರ ಬಗ್ಗೆ 1890ರ ದಶಕದಲ್ಲೇ ಹೇಳಿದ್ದರು. ನಮ್ಮ ಬೀದಿಯ ನರ್ಸಿಂಗ್ ಹೋಮ್‌ಗೆ ಸುದ್ದಿ ಇನ್ನೂ ತಲುಪಿಲ್ಲ!

ಬಿದ್ದವರಿಗೆಲ್ಲ ಹೀಗಾಗುವುದಿಲ್ಲ. ಜಾಸ್ತಿ ಜನ ಆಪರೇಷನ್ ಇಲ್ಲದೆಯೇ ಸುಧಾರಿಸುತ್ತಾರೆ. ಆದರೆ ಎರಡು ಮೂರು ವಾರವಾದರೂ ನೋವು ಇಳಿಯದಿದ್ದರೆ, ನಿಂತಾಗ ಹೆಚ್ಚಾಗುತ್ತಿದ್ದರೆ, ಬೆನ್ನು ಗೂನಾಗುತ್ತಿದ್ದರೆ ಮತ್ತೆ ತೋರಿಸಿ. ನಿಲ್ಲಿಸಿ ಎಕ್ಸ್‌ರೇ ತೆಗೀಬೇಕಾ, ಎಂಆರ್‌ಐ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಕಾಲಿನ ಬಲ ಕಮ್ಮಿಯಾದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಇಲ್ಲವೇ ಗೊತ್ತಿಲ್ಲದೆ ಹೋಗುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬೆಳಗ್ಗೆ ನೋಡೋಣ ಅನ್ನಬೇಡಿ. ಬೆನ್ನು ನೀವಿಸುವುದಂತೂ ಬೇಡವೇ ಬೇಡ.

ಅಮ್ಮನಿಗೆ ಆಪರೇಷನ್ ಆಗಿ ರಾಡು, ಸ್ಕ್ರೂ ಹಾಕಿದ್ದಾರೆ. ವಾಕರ್ ಹಿಡಿದು ಅಡುಗೆಮನೆವರೆಗೆ ಬರುತ್ತಾಳೆ. ಮೂತ್ರದ ಪೈಪು ಇನ್ನೂ ತೆಗೆದಿಲ್ಲ.